ಚಿಕ್ಕಮಗಳೂರಿನ ಹೋಮ್‌ಮೇಡ್ ವೈನ್ ಮನೆಗೆ ತಂದ ಮೇಲೆ ಯಾಕೆ ರುಚಿಸುವುದಿಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮುಳ್ಳಯ್ಯನಗಿರಿ ನೋಡಿಕೊಂಡು ಇಳಿಯುವಾಗ ದಾರಿಯ ಅಂಗಡಿಯೊಂದರಲ್ಲಿ ಕಾಫಿ ವೈನ್, ಶುಂಠಿ ವೈನ್, ವೀಳ್ಯದೆಲೆ ವೈನ್ ಕೊಂಡಿರಿ. ಅಲ್ಲಿ ರುಚಿ ನೋಡಿದಾಗ ಚೆನ್ನಾಗಿತ್ತು. ಬೆಂಗಳೂರಿಗೆ ತಂದು ಗ್ಲಾಸಿಗೆ ಸುರಿದರೆ ಕೆಮ್ಮಿನ ಸಿರಪ್ಪಿನ ಹಾಗಿದೆ. ತಪ್ಪು ಅಂಗಡಿಗೆ ಹೋದೆವಾ, ಒಳ್ಳೆಯದು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ.

ನಾನು ಇದೇ ಊರಿನವನು, ವೈನ್ ಕುಡಿಯುವ ರೂಢಿಯೂ ಇದೆ. ನೀವು ಪಕ್ಕದ ಅಂಗಡಿಗೆ ಹೋಗಿದ್ದರೂ ಇದೇ ಆಗುತ್ತಿತ್ತು. ಅದರ ಆಚೆಯ ಅಂಗಡಿಯಲ್ಲೂ ಅಷ್ಟೇ.

ಮೊದಲು ಒಂದು ವಿಷಯ ನೋಡಿ. ಗಿರಿಗೆ ಹೋಗುವ ದಾರಿಯಲ್ಲಿ ನಿಮಗೆ ಎಲ್ಲಾದರೂ ದ್ರಾಕ್ಷಿ ತೋಟ ಕಂಡಿತಾ? ಕಾಣುವುದಿಲ್ಲ. ಸಿಲ್ವರ್ ಓಕ್ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ದ್ರಾಕ್ಷಿ ತಡೆಯುವುದಿಲ್ಲ, ಬೂಜು ರೋಗ ಹತ್ತಿ ಹಾಳಾಗುತ್ತದೆ. ನಮ್ಮ ರಾಜ್ಯದಲ್ಲಿ ದ್ರಾಕ್ಷಿ ಅಂದರೆ ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ. ಎಲ್ಲ ಒಣ ಸೀಮೆ. ಹಾಗಾಗಿ ಇಲ್ಲಿ "ನಮ್ಮ ಊರಿನ ವೈನ್" ಅಂತ ಮಾರುವುದರಲ್ಲಿ ಊರಿನದು ಏನಿದೆ ಅಂತ ಕೇಳಿಕೊಳ್ಳಬೇಕಾಗುತ್ತದೆ.

ಕಾಫಿ ವೈನನ್ನೇ ತಗೊಳ್ಳಿ. ವೈನ್ ಆಗಬೇಕಾದರೆ ಯೀಸ್ಟ್‌ಗೆ ತಿನ್ನಲು ಸಕ್ಕರೆ ಬೇಕು. ಒಂದು ಲೀಟರ್‌ನಲ್ಲಿ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಬರುತ್ತದೆ. ಶೇಕಡಾ 12 ಬೇಕೆಂದರೆ 200 ಗ್ರಾಂ ಆಸುಪಾಸು. ಚೆನ್ನಾಗಿ ಮಾಗಿದ ವೈನ್ ದ್ರಾಕ್ಷಿಯ ರಸದಲ್ಲಿ ಅಷ್ಟು ಸಕ್ಕರೆ ತಾನಾಗಿಯೇ ಇರುತ್ತದೆ, ಜೊತೆಗೆ ಹುಳಿಯೂ ಒಗರೂ ಇರುತ್ತವೆ. ಹುರಿದ ಕಾಫಿಯಲ್ಲಿ ಯೀಸ್ಟ್‌ಗೆ ಸಿಗುವ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಶುಂಠಿಯಲ್ಲಿ ಪಿಷ್ಟ ಜಾಸ್ತಿ, ಸಕ್ಕರೆ ಕಡಿಮೆ. ವೀಳ್ಯದೆಲೆಯ ಕಥೆ ಹೇಳುವುದೇ ಬೇಡ. ಅಂದರೆ ಬಾಟಲಿಯಲ್ಲಿ ಇರುವುದು ಹೆಚ್ಚುಕಡಿಮೆ ಸಕ್ಕರೆ ನೀರಿನ ವೈನ್. ಕಾಫಿ, ಶುಂಠಿ, ಎಲೆ ಬರೀ ವಾಸನೆಗೆ. ಕೆಲವು ಕಡೆ ಯೀಸ್ಟೂ ಇಲ್ಲ, ಪಾಕಕ್ಕೆ ಎಸೆನ್ಸ್ ಸೇರಿಸಿ ವೈನ್ ಅಂತ ಚೀಟಿ ಅಂಟಿಸುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಸಿಗುವ ಶುಂಠಿ ವೈನ್ ಎಷ್ಟೋ ಸಲ ಆಲ್ಕೋಹಾಲ್ ಇಲ್ಲದ ಶರಬತ್ತೇ. ಶರಬತ್ತು ಅಂತ ಕುಡಿದರೆ ಅದು ಚೆನ್ನಾಗಿಯೇ ಇರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಯಾಕೆ ರುಚಿಸಿತು? ಅಲ್ಲಿ ಕೊಡುವುದು ಔಷಧದ ಮುಚ್ಚಳದಷ್ಟು. ಒಂದು ಗುಟುಕಿನಲ್ಲಿ ಸಿಹಿ ಯಾವಾಗಲೂ ಗೆಲ್ಲುತ್ತದೆ. ಬೆಟ್ಟ ಹತ್ತಿ ಇಳಿದು ಸುಸ್ತಾಗಿದ್ದೀರಿ, ಗಾಳಿ ತಣ್ಣಗಿದೆ, ಜೊತೆಯವರು ಖುಷಿಯಲ್ಲಿದ್ದಾರೆ. ಸಾಲಾಗಿ ಏಳೆಂಟು ರುಚಿ ನೋಡುವಷ್ಟರಲ್ಲಿ ನಾಲಿಗೆ ಸತ್ತಿರುತ್ತದೆ, ಆಮೇಲೆ ಯಾವುದು ಜಾಸ್ತಿ ಸಿಹಿಯೋ ಅದೇ ಒಳ್ಳೆಯದು ಅನ್ನಿಸುತ್ತದೆ. ಮನೆಯಲ್ಲಿ ಊಟದ ಜೊತೆ ಒಂದು ಗ್ಲಾಸ್ ಪೂರ್ತಿ ಕುಡಿಯಲು ಕೂತಾಗ ಅದೇ ಸಿಹಿ ಮುಖಕ್ಕೆ ಹೊಡೆಯುತ್ತದೆ. ಮಾರುವವರಿಗೂ ಇದು ಗೊತ್ತು. ಅವರ ಗಿರಾಕಿ ಇನ್ನೊಂದು ಸಲ ಬರುವವನಲ್ಲ, ಎರಡನೇ ಬಾಟಲಿ ಹೇಗಿರಬೇಕು ಅಂತ ಅವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಊರಿನವರು ಯಾರೂ ಅದನ್ನು ಕೊಂಡು ಕುಡಿಯುವುದನ್ನು ನಾನಂತೂ ಕಂಡಿಲ್ಲ.

ಇದು ನಮ್ಮ ಕಡೆಯದೇ ಕಾಯಿಲೆ ಅಂತಲ್ಲ. ನಿಜವಾದ ದ್ರಾಕ್ಷಿ ತೋಟ ಇರುವ ಕಡೆಯೂ, ವಾರದ ಕೊನೆಗೆ ಬಸ್ಸುಗಟ್ಟಲೆ ಜನ ಬರತೊಡಗಿದರೆ ಟೇಸ್ಟಿಂಗ್ ಕೋಣೆಯಲ್ಲಿ ಸಿಹಿ ವೈನ್‌ಗೇ ಮುಂದಿನ ಸಾಲು. ಆದರೆ ಅಲ್ಲಿ ಹಿಂದಿನ ಸಾಲಿನಲ್ಲಿ ಕೇಳಿದರೆ ಒಳ್ಳೆಯದು ಇರುತ್ತದೆ. ಇಲ್ಲಿ ಹಿಂದಿನ ಸಾಲೇ ಇಲ್ಲ.

ಕಾನೂನಿನ ಮಾತೂ ಇದೆ. ಶೇಕಡಾ 0.5ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಆಹಾರ ಸುರಕ್ಷತೆಯ 2018ರ ನಿಯಮದ ಪ್ರಕಾರ ಅದು ಮದ್ಯ, ಎಷ್ಟಿದೆ ಅಂತ ಬಾಟಲಿ ಮೇಲೆ ಬರೆಯಲೇಬೇಕು. ಮಾರಲು ಅಬಕಾರಿ ಲೈಸೆನ್ಸ್ ಬೇಕು. ನಿಮ್ಮ ಬಾಟಲಿ ತಿರುಗಿಸಿ ನೋಡಿ. ಶೇಕಡಾವಾರು ಇಲ್ಲ, ತಯಾರಿಸಿದವರ ವಿಳಾಸ ಇಲ್ಲ ಅಂದರೆ ಒಂದೋ ಅದು ಶರಬತ್ತು, ಇಲ್ಲವೋ ಲೆಕ್ಕಕ್ಕೆ ಸಿಗದ ಸರಕು. ಎರಡಕ್ಕೂ ವೈನಿನ ರೇಟ್ ಯಾಕೆ ಕೊಡಬೇಕು?

ಹಾಗಂತ ಮಲೆನಾಡಿನಲ್ಲಿ ಮನೆಯಲ್ಲಿ ಮಾಡುವ ವೈನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್‌ಗೆ ಮುಂಚೆಯೇ ಬೆಂಗಳೂರು ಬ್ಲೂ ದ್ರಾಕ್ಷಿ ತಂದು, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ಭರಣಿಯಲ್ಲಿ ಇಡುತ್ತಾರೆ. ದಿನಾ ಮರದ ಸೌಟಿನಲ್ಲಿ ತಿರುವಿ, ಮೂರು ವಾರ ಕಳೆದ ಮೇಲೆ ಸೋಸುತ್ತಾರೆ. ಅದೂ ಸಿಹಿಯೇ, ಆ ದ್ರಾಕ್ಷಿಯ ಗಾಢ ವಾಸನೆಯೂ ಇರುತ್ತದೆ. ಆದರೆ ಮನೆಯವರೇ ಕುಡಿಯುವುದಕ್ಕೆ ಮಾಡಿದ್ದು, ಕೇಕ್ ಜೊತೆ ಸಣ್ಣ ಲೋಟದಲ್ಲಿ ಕೊಡುತ್ತಾರೆ, ಮೋಸ ಇಲ್ಲ. ಅದು ದುಡ್ಡಿಗೆ ಸಿಗುವುದಲ್ಲ. ಪರಿಚಯದವರು ಇದ್ದರೆ ಸಿಗುತ್ತದೆ, ಅಷ್ಟೇ.

ಒಳ್ಳೆಯದು ಎಲ್ಲಿ ಅಂದಿರಲ್ಲ, ನೀವು ಬೆಂಗಳೂರಿನಲ್ಲಿ ಇರುವವರು, ಅದಕ್ಕಾಗಿ ಘಟ್ಟದ ಕಡೆ ಬರಬೇಕಾಗಿಯೇ ಇಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಅವರ ತೋಟ ಇದೆ, ಕ್ಯಾಬರ್ನೆ, ಶಿರಾಜ್ ಅನ್ನುವ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ಹೋಗುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಕೊಯ್ಲಿನ ಕಾಲ. ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಕಡೆ ಕೃಷ್ಮಾ ಅನ್ನುವ ವೈನ್ ತೋಟ ಇದೆ, ಬೆಲೆ ಸ್ವಲ್ಪ ಮೇಲಿನದು. ಟೇಸ್ಟಿಂಗ್‌ಗೆ ಕೂತರೆ ಮೊದಲು ಡ್ರೈ, ಅಂದರೆ ಸಿಹಿ ಇಲ್ಲದ್ದು ಕೇಳಿ, ಸಿಹಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮಧ್ಯೆ ನೀರು ಕುಡಿಯಿರಿ. ಕೊಳ್ಳುವ ಮುಂಚೆ ಅದೇ ವೈನ್ ಅರ್ಧ ಗ್ಲಾಸಾದರೂ ಕುಡಿದು ನೋಡಿ, ದುಡ್ಡು ಕೊಟ್ಟಾದರೂ ಸರಿ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಲ್ಲಿಸಿಟ್ಟ ಬಾಟಲಿ ಎಂಥ ಒಳ್ಳೆ ಹೆಸರಿನದಾದರೂ ಬೇಡ.

ಚಿಕ್ಕಮಗಳೂರಿನಿಂದ ಏನಾದರೂ ಒಯ್ಯಲೇಬೇಕಾದರೆ ಪೇಟೆಯೊಳಗೆ ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿಗೆ ಹೋಗಿ ಕಾಫಿಪುಡಿ ಒಯ್ಯಿರಿ. ಚಿಕೋರಿ ಎಷ್ಟು ಅಂತ ನೀವೇ ಹೇಳಿ. ಕಾಳುಮೆಣಸೂ ಒಳ್ಳೆಯದು ಸಿಗುತ್ತದೆ. ಇವೆರಡೂ ನಿಜವಾಗಿ ಇಲ್ಲಿಯ ಮಣ್ಣಿನವು.

ಈಗ ಮನೆಯಲ್ಲಿರುವ ಬಾಟಲಿಗಳ ಬಗ್ಗೆ. "ಇಟ್ಟಷ್ಟೂ ರುಚಿ ಬರುತ್ತೆ" ಅಂತ ಅಂಗಡಿಯವರು ಹೇಳಿರಬಹುದು, ನಂಬಬೇಡಿ. ವರ್ಷಗಟ್ಟಲೆ ಇಟ್ಟು ಮಾಗಿಸಲು ಬೇಕಾದ ಒಗರು, ಹುಳಿ ಅದರಲ್ಲಿ ಇಲ್ಲ. ಸಕ್ಕರೆ ಉಳಿದು ಯೀಸ್ಟೂ ಜೀವಂತ ಇದ್ದರೆ ಸೆಕೆಗೆ ಮತ್ತೆ ಗ್ಯಾಸ್ ಕಟ್ಟಿ ಮುಚ್ಚಳ ಹಾರುವುದೂ ಉಂಟು, ಹಾಗಾಗಿ ಫ್ರಿಜ್ಜಿನಲ್ಲಿಡಿ. ಯಾರು, ಎಲ್ಲಿ ಮಾಡಿದರು ಅನ್ನುವುದೇ ಬಾಟಲಿ ಮೇಲೆ ಇಲ್ಲದಿದ್ದರೆ ಸಿಂಕಿಗೆ ಸುರಿಯಿರಿ. ವಿಳಾಸ ಇರುವ ಶುಂಠಿಯದನ್ನು ಬಿಸಿ ನೀರಿಗೆ ಹಾಕಿ ನಿಂಬೆ ಹಿಂಡಿದರೆ ಸಿಹಿ ತಗ್ಗಿ ಚೆನ್ನಾಗಿಯೇ ಆಗುತ್ತದೆ. ಕಾಫಿಯದನ್ನು ವೆನಿಲಾ ಐಸ್‌ಕ್ರೀಮ್ ಮೇಲೆ ಎರಡು ಚಮಚ ಹಾಕಿ. ವೀಳ್ಯದೆಲೆಯದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.