ನೋಡಲು ಬಂದವರು ಕಟ್ಟೆಯ ಮೇಲೇ ಕೂರಲಿ

ರಾಣೆಬೆನ್ನೂರಿನ ಅಕ್ಕಾರೆ, ಕೋಳಿ ಕೊಳ್ಳಲು ಬಂದವರೆಲ್ಲ ಹಿತ್ತಲಿಗೇ ನುಗ್ಗುತ್ತಾರೆ, ಒಂದು ಹುಂಜ ಕಳುವಾಯಿತು, ರೋಗದ ಭಯವೂ ಇದೆ, ಬರಬೇಡಿ ಅನ್ನೋದು ಹೇಗೆ ಅಂತ ಕೇಳಿದ್ದೀರಿ.

ಬರಲಿ ಬಿಡಿ, ಗೂಡಿನ ಹತ್ತಿರ ಮಾತ್ರ ಬೇಡ. ಮಾರುವ ಕೋಳಿಯನ್ನು ನೀವೇ ಹಿಡಿದು ಮುಂದಿನ ಕಟ್ಟೆಗೆ ತನ್ನಿ. ಬಂದವರ ಮನೆಯಲ್ಲೂ ಕೋಳಿ ಇರುತ್ತವೆ ಅಲ್ವಾ? ಕೊಕ್ಕರೆ ರೋಗ (ರಾಣಿಖೇತ್ ಅನ್ನೋ ಕೋಳಿಗಳ ಅಂಟುರೋಗ) ಅವರ ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲೇ ಬರಬಹುದು. ನೀವೂ ಗೂಡಿಗೆ ಅಂತ ಬೇರೆ ಚಪ್ಪಲಿ ಇಡಿ.

ನಾನು ಕೆಟ್ಟಿದ್ದು ಸಂತೆಯಿಂದ. ಧಾರವಾಡದಲ್ಲಿ ಎರಡು ಹ್ಯಾಟೆ ತಂದು ಅದೇ ಸಂಜೆ ಉಳಿದವುಗಳ ಜೊತೆ ಬಿಟ್ಟೆ. ವಾರದಲ್ಲಿ ಹಸಿರು ಭೇದಿ, ಕುತ್ತಿಗೆ ತಿರುಚುವುದು ಶುರುವಾಯಿತು. ಒಂಬತ್ತು ಹೋದವು. ಈಗ ಹೊಸದನ್ನು 3 ವಾರ ದೂರ ಇಡುತ್ತೇನೆ, ಅವಕ್ಕೆ ಕೊನೆಗೆ ಕಾಳು ಹಾಕುತ್ತೇನೆ.

ಈ ರೋಗ ತಡೆಯಲು ಮರಿಗೆ ಮೊದಲ ವಾರ ಲಸೋಟ ಅನ್ನೋ ಲಸಿಕೆಯ ಹನಿ, 4ನೇ ವಾರ ಮತ್ತೊಮ್ಮೆ, 8ನೇ ವಾರ ಆರ್‌2ಬಿ ಲಸಿಕೆಯ ಸೂಜಿ. ಲಸಿಕೆ ಐಸ್‌ನಲ್ಲೇ ಬರಬೇಕು, ಕಲಸಿದ ಮೇಲೆ 2 ಗಂಟೆಯೊಳಗೆ ಮುಗಿಸಬೇಕು. ಬಾಟಲಿ 100 ಕೋಳಿಗೆ ಆಗುತ್ತದೆ. ಓಣಿಯವರನ್ನೂ ಸೇರಿಸಿಕೊಳ್ಳಿ, ಖರ್ಚು ಹಂಚಿ ಹೋಗುತ್ತದೆ.

ಕಳ್ಳತನದ್ದು ಹೇಳಬೇಕೆಂದರೆ, ಕತ್ತಲಲ್ಲಿ ಕೋಳಿ ಹಿಡಿದರೆ ಜಾಸ್ತಿ ಕೂಗುವುದೂ ಇಲ್ಲ. ಸಂಜೆ ಎಣಿಸಿ ಕೂಡಿಹಾಕಿ, ಬೀಗ ಹಾಕಿ. ಕಾಲಿಗೆ ಬಣ್ಣದ ಉಂಗುರ ಹಾಕಿದರೆ ನಿಮ್ಮದೆಂದು ಗುರುತು ಹಿಡಿಯಬಹುದು. ‘ಎಷ್ಟಿವೆ, ರಾತ್ರಿ ಎಲ್ಲಿ ಹಾಕ್ತೀರಿ?’ ಅಂತ ಕೇಳಿದವರಿಗೆ ಸುಮ್ನೆ ಚಹಾ ಕೊಟ್ಟು ಕಳಿಸಿ.