ವಚನ ಹುಡುಕುವ ಮೊದಲು ಮಗನನ್ನು ಒಂದು ಮಾತು ಕೇಳಿ

ಸಿಸ್ಟರ್, 11 ವರ್ಷದ ಮಗ ಪದೇ ಪದೇ ಸುಳ್ಳು ಹೇಳುತ್ತಾನೆ, ಬೈಬಲ್ ಪ್ರಕಾರ ಬೆತ್ತ ಹಿಡಿಯಬೇಕಾ ಕ್ಷಮಿಸಿ ಬಿಡಬೇಕಾ, ಯಾವ ವಚನ ನೋಡಲಿ ಅಂತ ಕೇಳಿದ್ದೀರಿ. ಓದಿದ ಕೂಡಲೇ ಎದೆ ಧಸಕ್ ಅಂತು. ಹತ್ತು ವರ್ಷದ ಹಿಂದೆ ನಾನೂ ಹೀಗೇ ಸತ್ಯವೇದ (ಬೈಬಲ್) ತೆರೆದು ಕೂತಿದ್ದೆ. ಹುಡುಕಿದ ವಚನ ಸಿಕ್ಕಿತು ಕೂಡ. ಅದೇ ಮುಳುವಾಯಿತು.

ನಮ್ಮ ಮೂಲ ಗದಗ-ಬೆಟಗೇರಿ, ಅಜ್ಜನ ಕಾಲದಿಂದ ಬಾಸೆಲ್ ಮಿಷನ್ ಚರ್ಚ್ ಸಭೆಯವರು. ಕೆಲಸಕ್ಕೆ ಅಂತ ಮುಂಬೈಗೆ ಬಂದು ಸಾಯನ್‌ನಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಭಾನುವಾರ ನನಗೆ ಮೊದಲ ಪಾಳಿ, ಹೆಂಡತಿಗೆ ಆಗ ಬಾಣಂತನ. 12 ವರ್ಷದ ಮಗ ಒಬ್ಬನೇ ಬೆಸ್ಟ್ ಬಸ್ ಹತ್ತಿ ಕನ್ನಡ ಸಭೆಯ ಸಂಡೇ ಸ್ಕೂಲ್‌ಗೆ ಹೋಗಿ ಬರುತ್ತಿದ್ದ. ಒಂದು ದಿನ ಅಲ್ಲಿಯ ಟೀಚರ್ ಫೋನ್ ಮಾಡಿ, ಹುಡುಗನಿಗೆ ಹುಷಾರಿಲ್ವಾ, ಏಳು ವಾರದಿಂದ ಬಂದಿಲ್ಲ ಅಂದರು. ನೋಡಿದರೆ ಇವನು ಪ್ರತಿ ವಾರ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಕೂತು ಕ್ರಿಕೆಟ್ ನೋಡಿ, ಸರಿಯಾದ ಹೊತ್ತಿಗೆ ಮನೆಗೆ ಬರುತ್ತಿದ್ದ. ಬಂದವನು ಅಮ್ಮನಿಗೆ ‘ಇವತ್ತು ದಾನಿಯೇಲನ ಕಥೆ ಹೇಳಿದರು’ ಅಂತ ಪಾಠವನ್ನೂ ಒಪ್ಪಿಸುತ್ತಿದ್ದ.

ನಾನು ಹೊಡೆಯಲಿಲ್ಲ. ನಮ್ಮಪ್ಪನ ಬೆಲ್ಟಿನ ರುಚಿ ಕಂಡವನು ನಾನು, ಮಕ್ಕಳ ಮೇಲೆ ಕೈ ಎತ್ತಲ್ಲ ಅಂತ ಮದುವೆಗೆ ಮುಂಚೆಯೇ ತೀರ್ಮಾನ ಮಾಡಿದ್ದೆ. ಅದಕ್ಕೆ ಬದಲು ಒಂದು ನೋಟ್‌ಬುಕ್ ಕೊಟ್ಟು, ಎಫೆಸದವರಿಗೆ 6:1 ಬರೆ ಅಂದೆ. ಮಕ್ಕಳೇ, ನಿಮ್ಮ ತಂದೆತಾಯಿಗಳ ಮಾತು ಕೇಳಿರಿ ಅನ್ನೋ ವಚನ. 200 ಸಲ, ಕನ್ನಡದಲ್ಲಿ. ಅವನದು ಇಂಗ್ಲಿಷ್ ಮೀಡಿಯಂ, ಹೊರಗೆ ಹಿಂದಿ ಮರಾಠಿ, ಕನ್ನಡ ಅಕ್ಷರ ರಜೆಯಲ್ಲಿ ಅಜ್ಜಿ ಕಲಿಸಿದ್ದಷ್ಟೇ. ಹಾಗಾಗಿ ಶಿಕ್ಷೆಯೂ ಆಯಿತು, ವಚನವೂ ಬಾಯಿಗೆ ಬಂತು, ಕನ್ನಡವೂ ಬಂತು ಅಂತ ನನ್ನ ಲೆಕ್ಕ.

ಆ ನೋಟ್‌ಬುಕ್ ಇವತ್ತಿಗೂ ಮಾಳಿಗೆ ಮೇಲಿನ ಟ್ರಂಕಿನಲ್ಲಿದೆ. ಮೊದಲ ಹತ್ತು ಸಾಲು ನೆಟ್ಟಗಿವೆ. ಆಮೇಲೆ ಅವನು ‘ಮಕ್ಕಳೇ’ ಅನ್ನೋ ಒಂದೇ ಪದವನ್ನು ಪುಟದ ಮೇಲಿಂದ ಕೆಳಗಿನವರೆಗೆ ಬರೆದಿದ್ದಾನೆ. ಅದರ ಪಕ್ಕ ‘ನಿಮ್ಮ’, ಮತ್ತೆ ಮೇಲಿಂದ ಕೆಳಗೆ. ಆಮೇಲೆ ‘ತಂದೆತಾಯಿಗಳ’. ಆ ಪದ ದೊಡ್ಡದು, ಕೈ ಸೋತಿರಬೇಕು, ಒಂದು ಪುಟದ ಕೊನೆಯ ಎರಡು ಸಾಲಿನಲ್ಲಿ ತಂದೆತಾಯಿಯೇ ಇಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಬೈದು ಆ ಪುಟ ಮತ್ತೆ ಬರೆಸಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಅಷ್ಟು ಕೆಡುತ್ತಿರಲಿಲ್ಲವೇನೋ. ಒಂದು ವರ್ಷ ಅದೇ ಅಭ್ಯಾಸ ಆಯಿತು. ಸುಳ್ಳು ಹೇಳಿದರೆ ಜ್ಞಾನೋಕ್ತಿಗಳು 12:22, ತಂಗಿಯ ಜೊತೆ ಜಗಳ ಆಡಿದರೆ 1 ಯೋಹಾನ 4:20. ನಾನು ಸತ್ಯವೇದ ತೆರೆದರೆ ಸಾಕು, ಅವನು ಸುಮ್ನೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದ.

ಅವನಿಗೆ 15 ಆದಾಗ ಒಂದು ಸಂಜೆ ಕಲ್ಯಾಣ್ ಲೋಕಲ್‌ನಲ್ಲಿ ಇಬ್ಬರಿಗೂ ಅಪರೂಪಕ್ಕೆ ಸೀಟು ಸಿಕ್ಕಿತು. ಘಾಟ್ಕೋಪರ್ ದಾಟಿದ ಮೇಲೆ ತಾನಾಗಿಯೇ ಹೇಳಿದ. ‘ಪಪ್ಪಾ, ಸಂಡೇ ಸ್ಕೂಲಲ್ಲಿ ಒಬ್ಬೊಬ್ಬರ ಹತ್ರ ಒಂದೊಂದು ವಚನ ಓದಿಸ್ತಿದ್ರು. ನನಗೆ ಶಾಸ್ತ್ರಿಗಳು ಅನ್ನೋದು ಓದಕ್ಕೇ ಬರ್ಲಿಲ್ಲ. ಎಲ್ಲಾರೂ ನಕ್ರು. ಮುಂದಿನ ವಾರನೂ ಅದೇ ಆಯ್ತು. ಅದಕ್ಕೇ ಗಾರ್ಡನ್‌ಗೆ ಹೋಗ್ತಿದ್ದೆ.’

ಅಷ್ಟೇ. ಕನ್ನಡ ಓದುವ ಅವಮಾನಕ್ಕೆ ಹೆದರಿ ಓಡಿದ ಹುಡುಗನಿಗೆ ಅದೇ ಕನ್ನಡವನ್ನು, ಅದೇ ಒತ್ತಕ್ಷರಗಳನ್ನು, ಅದೇ ಪುಸ್ತಕದಿಂದ ತೆಗೆದು ಮನೆಯಲ್ಲಿ 200 ಸಲ ಬರೆಸಿದ್ದೆ. ಯಾಕೆ ಹೋಗಲಿಲ್ಲ ಅಂತ ಒಂದು ಸಲ ಕೇಳಿದ್ದರೆ ಐದು ನಿಮಿಷದ ಕೆಲಸ. ಟೀಚರ್‌ಗೆ ಫೋನ್ ಮಾಡಿ, ಸ್ವಲ್ಪ ದಿನ ಇವನ ಹತ್ರ ಗಟ್ಟಿಯಾಗಿ ಓದಿಸಬೇಡಿ, ಮನೆಯಲ್ಲಿ ಕಲಿಸುತ್ತೇನೆ ಅನ್ನಬಹುದಿತ್ತು. ನಾನು ಕೇಳಲಿಲ್ಲ. ಎಲ್ಲಿದ್ದೆ, ಯಾರ ಜೊತೆ, ಎಷ್ಟು ವಾರ, ಅಮ್ಮನಿಗೆ ಏನಂದೆ, ಇದೆಲ್ಲಾ ಪೊಲೀಸರ ಥರ ಕೇಳಿದೆ. ‘ಯಾಕೆ’ ಅಂತ ಮಾತ್ರ ಕೇಳಲಿಲ್ಲ, ಯಾಕಂದರೆ ಉತ್ತರ ನನಗೆ ಮೊದಲೇ ಗೊತ್ತು ಅಂದುಕೊಂಡಿದ್ದೆ: ಹುಡುಗ ಹಾಳಾಗುತ್ತಿದ್ದಾನೆ. ಇನ್ನೊಂದು ಸಂಗತಿ ಈಗಲೂ ಚುಚ್ಚುತ್ತದೆ. 6:1 ಬರೆಸಿದ ಅದೇ ಪುಟದಲ್ಲಿ ಮೂರು ವಚನ ಕೆಳಗೆ 6:4 ಇದೆ, ತಂದೆಗಳೇ ನಿಮ್ಮ ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ. ಕೊಲೊಸ್ಸೆಯವರಿಗೆ 3:21 ಇನ್ನೂ ಬಿಡಿಸಿ ಹೇಳುತ್ತದೆ, ಮಕ್ಕಳು ಮನಗುಂದುತ್ತಾರೆ ಅಂತ. ಅವು ನನಗೆ ಬರೆದದ್ದು. ನಾನು ಒಂದು ಸಲವೂ ಬರೆಯಲಿಲ್ಲ.

ಆದ್ದರಿಂದ ಬೆತ್ತವೋ ಕ್ಷಮೆಯೋ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಎರಡೂ ತೀರ್ಪಿನ ನಂತರದ ಮಾತು, ವಿಚಾರಣೆಯೇ ಆಗಿಲ್ಲವಲ್ಲ! 1 ಅರಸುಗಳು 1:6 ತೆರೆದು ನೋಡಿ. ಅರಸ ದಾವೀದನ ಮಗ ಅದೋನೀಯ ತಾನೇ ಅರಸ ಅಂತ ರಥ, ಕುದುರೆ, ಮುಂದೆ ಓಡಲು 50 ಆಳು ಇಟ್ಟುಕೊಂಡು ಮೆರೆಯುತ್ತಾನೆ. ಅಲ್ಲಿ ಅವನ ತಂದೆಯ ಬಗ್ಗೆ ಒಂದೇ ಒಂದು ಮಾತಿದೆ: ನೀನು ಯಾಕೆ ಹೀಗೆ ಮಾಡಿದೆ ಅಂತ ಕೇಳಿ ಮಗನ ಮನಸ್ಸನ್ನು ಅವನು ಎಂದೂ ನೋಯಿಸಿರಲಿಲ್ಲ. ದೈತ್ಯ ಗೊಲ್ಯಾತನನ್ನು ಕೆಡವಿದ ದಾವೀದ ಮಗನನ್ನು ಯಾಕೆ ಅಂತ ಕೇಳಲಿಲ್ಲ.

ಈಗ ಲೂಕ 2 ಓದಿ. 12 ವರ್ಷದ ಯೇಸು, ನನ್ನ ಮಗನ ಅದೇ ವಯಸ್ಸು. ಯೆರೂಸಲೇಮಿನಲ್ಲಿ ಯೆಹೂದ್ಯರ ಪಸ್ಕಹಬ್ಬ ಮುಗಿಸಿ ಊರಿಗೆ ಹೊರಟರೆ ಹುಡುಗ ಜೊತೆಗಿಲ್ಲ. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಗುತ್ತಾನೆ. ತಾಯಿ ಮರಿಯಳು ಮೊದಲು ಕೇಳಿದ್ದೇ ‘ಮಗನೇ, ಯಾಕೆ ಹೀಗೆ ಮಾಡಿದೆ?’ ಅಂತ. ನಾವು ಎಷ್ಟು ತಳಮಳದಿಂದ ಹುಡುಕಿದೆವು ಅಂತ ತನ್ನ ಸಂಕಟವನ್ನೂ ಮುಚ್ಚಿಡದೆ ಹೇಳುತ್ತಾಳೆ. ಅವನು ಕೊಟ್ಟ ಉತ್ತರ ತಂದೆತಾಯಿಗೆ ಅರ್ಥವೇ ಆಗಲಿಲ್ಲ. ಆದರೂ ಅವಳು ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಳು. ಮಕ್ಕಳನ್ನು ಬೆಳೆಸುವುದಕ್ಕೆ ಇಡೀ ಸತ್ಯವೇದದಲ್ಲಿ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಅಂತ ಜ್ಞಾನೋಕ್ತಿಗಳು 13:24 ತೋರಿಸುವವರು ನಿಮಗೂ ಸಿಗುತ್ತಾರೆ. 23ನೇ ಕೀರ್ತನೆಯಲ್ಲಿ ಕುರುಬನ ದೊಣ್ಣೆ ಧೈರ್ಯ ಕೊಡುತ್ತದೆ ಅಂತ ಇದೆಯಲ್ಲ, ಹೀಬ್ರೂನಲ್ಲಿ ಆ ಬೆತ್ತಕ್ಕೂ ಈ ದೊಣ್ಣೆಗೂ ಒಂದೇ ಪದ, ಹಾಗಾಗಿ ಬೆತ್ತ ಅಂದರೆ ಹೊಡೆಯುವುದೇ ಅಂತಿಲ್ಲ. ಮಾತು ಕೇಳದ ಮಗನನ್ನು ಕಲ್ಲೆಸೆದು ಕೊಲ್ಲಿ ಅಂತ ಧರ್ಮೋಪದೇಶಕಾಂಡ 21ರಲ್ಲೂ ಇದೆ, ಅದನ್ನು ಯಾರೂ ಪಾಲಿಸುವುದಿಲ್ಲ ಅಲ್ವಾ? ಈ ವಾದಕ್ಕೆ ಜಾಸ್ತಿ ಹೊತ್ತು ಕೊಡಬೇಡಿ.

ನನ್ನ ಮಗನಿಗೆ ಈಗ 22. ನಮ್ಮ ಜೊತೆ ಚೆನ್ನಾಗಿದ್ದಾನೆ, ಆದರೆ ಕನ್ನಡ ಸತ್ಯವೇದ ಮುಟ್ಟುವುದಿಲ್ಲ. ನಾನೂ ಒತ್ತಾಯ ಮಾಡುವುದಿಲ್ಲ. ನೀವು ಇವತ್ತು ರಾತ್ರಿ ಊಟ ಆದಮೇಲೆ ಮಗನನ್ನು ಕರೆದುಕೊಂಡು ಕೆಳಗೆ ಒಂದು ಸುತ್ತು ಹೋಗಿ ಬನ್ನಿ. ಪುಸ್ತಕ ಮನೆಯಲ್ಲೇ ಇರಲಿ. ಯಾಕೆ ಅಂತ ಕೇಳಿ, ಕೇಳಿದ ಮೇಲೆ ನೀವು ಮಾತಾಡಬೇಡಿ. ಮೊದಲ ದಿನ ‘ಸುಮ್ನೆ’ ಅಂತಾನೆ. ನಾಳೆ ಮತ್ತೆ ಕೇಳಿ. ಏನಂದ ಅಂತ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.