ನ್ಯೂ ಮೆಕ್ಸಿಕೊಗೆ ಎಂ.ಎಸ್. ಮಾಡಲು ಹೋಗಬಹುದೇ? ಅಲ್ಲಿ ಓದಿದವರು ಯಾರಾದರೂ ಇದ್ದೀರಾ?

ಧಾರವಾಡದಲ್ಲಿ ಬಿ.ಎಸ್ಸಿ. ಕೃಷಿ ಮುಗಿಸಿದ್ದೀರಿ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ಕ್ರೂಸಸ್‌ಗೆ ಅರ್ಜಿ ಹಾಕುವ ಮನಸ್ಸಿದೆ, ಆದರೆ ಕೇಳಿದವರೆಲ್ಲ "ಅದ್ಯಾವ ಊರು? ಟೆಕ್ಸಾಸ್‌ಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಬಾರದಾ?" ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಅದೇ ಊರಿನ ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ತೋಟಗಾರಿಕೆಯಲ್ಲಿ ಎಂ.ಎಸ್. ಮಾಡಿದವನು. ಈಗ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದೇನೆ. ವೀಸಾ ಬಂದಾಗ ನಮ್ಮ ಕಾಕಾ ಊರೆಲ್ಲ "ಹುಡುಗ ಮೆಕ್ಸಿಕೊಕ್ಕೆ ಹೊಂಟಾನ" ಅಂತ ಸಾರಿಕೊಂಡು ಬಂದಿದ್ದರು. ಅವರದೇನೂ ತಪ್ಪಿಲ್ಲ. ಅಮೆರಿಕದವರಲ್ಲೇ ಅದನ್ನು ಬೇರೆ ದೇಶ ಅಂದುಕೊಂಡವರು ನನಗೆ ಸಿಕ್ಕಿದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ಕಂಪ್ಯೂಟರ್ ಸೈನ್ಸ್ ಓದಿ ಬೇಗ ದೊಡ್ಡ ಕೆಲಸ ಹಿಡಿಯುವುದೇ ಗುರಿಯಾಗಿದ್ದರೆ ಆ ರಾಜ್ಯ ಬೇಡ ಅನ್ನುತ್ತಿದ್ದೆ. ಊರುಗಳು ಚಿಕ್ಕವು, ಕಂಪನಿಗಳು ಕಡಿಮೆ. ಅಲ್ಲಿಯ ದೊಡ್ಡ ಉದ್ಯೋಗದಾತರೆಂದರೆ ಲಾಸ್ ಅಲಾಮೋಸ್ ಮತ್ತು ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯಗಳು. ಅವುಗಳ ಎಷ್ಟೋ ಹುದ್ದೆಗಳಿಗೆ ಅಮೆರಿಕದ ಪೌರತ್ವವೇ ಬೇಕು. ಆದರೆ ಆ ನೆಲದಲ್ಲೇ ಬೇರು ಬಿಟ್ಟ ವಿಷಯಗಳು ಕೆಲವಿವೆ. ನಿಮ್ಮದು ಅಂಥದ್ದಾದರೆ ಹೆಸರುವಾಸಿ ರಾಜ್ಯಗಳ ಆಸೆ ಬಿಟ್ಟು ಅಲ್ಲಿಗೇ ಹೋಗಿ.

ನಮ್ಮ ಪಾಲಿಗೆ ಅಂಥ ವಿಷಯ ಮೆಣಸಿನಕಾಯಿ. ಈ ಯೂನಿವರ್ಸಿಟಿಯ ಮೊದಲ ತಂಡದಲ್ಲಿ, 1894ರಲ್ಲಿ, ಪದವಿ ಪಡೆದ ಫಾಬಿಯಾನ್ ಗಾರ್ಸಿಯಾ ಮೆಕ್ಸಿಕೊದಲ್ಲಿ ಹುಟ್ಟಿ ಮಗುವಾಗಿದ್ದಾಗಲೇ ಇಲ್ಲಿಗೆ ಬಂದವರು. ರೈತರು ಬೆಳೆಯುತ್ತಿದ್ದ ನಾಟಿ ತಳಿಗಳನ್ನು ಆಯ್ದು, ವರ್ಷಗಟ್ಟಲೆ ಬೆಳೆದು ನೋಡಿ, 'ನ್ಯೂ ಮೆಕ್ಸಿಕೊ ನಂ. 9' ಎಂಬ ಉದ್ದನೆಯ, ಹದವಾದ ಖಾರದ ತಳಿ ಕೊಟ್ಟರು. ಅಲ್ಲಿ ಇಂದು ಬೆಳೆಯುವ ಉದ್ದ ಕಾಯಿಯ ತಳಿಗಳಿಗೆ ಅದೇ ಮೂಲಪುರುಷ ಎನ್ನಬಹುದು. ನಮ್ಮ ಈಶಾನ್ಯದ ಭೂತ್ ಜೊಲೋಕಿಯಾ ಮೆಣಸಿನಕಾಯಿ, ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಹತ್ತು ಲಕ್ಷ ದಾಟುತ್ತದೆ ಎಂದು ಅಳೆದು ತೋರಿಸಿದ್ದೂ ಇಲ್ಲಿಯ ಚಿಲಿ ಪೆಪ್ಪರ್ ಇನ್‌ಸ್ಟಿಟ್ಯೂಟ್. 2007ರಲ್ಲಿ ಅದು ಗಿನ್ನೆಸ್ ದಾಖಲೆಯಾಯಿತು. ಹೋಟೆಲಿನಲ್ಲಿ ಕೂತರೆ ಮೊದಲು ಕೇಳುವುದು "ರೆಡ್ ಆರ್ ಗ್ರೀನ್?" ಅಂದರೆ ಕೆಂಪು ಮೆಣಸಿನಕಾಯಿ ಗೊಜ್ಜೋ ಹಸಿರಿನದೋ. 1996ರಿಂದ ಅದು ಆ ರಾಜ್ಯದ ಅಧಿಕೃತ ಪ್ರಶ್ನೆ! ಎರಡೂ ಬೇಕಿದ್ದರೆ "ಕ್ರಿಸ್ಮಸ್" ಅನ್ನಬೇಕು. ಆಗಸ್ಟ್ ಮುಗಿಯುವ ಹೊತ್ತಿಗೆ ಅಂಗಡಿಗಳ ಮುಂದೆ ತಂತಿಯ ಪೀಪಾಯಿ ತಿರುಗಿಸುತ್ತ, ಗ್ಯಾಸ್ ಉರಿಯಲ್ಲಿ ಮೂಟೆಗಟ್ಟಲೆ ಹಸಿ ಮೆಣಸಿನಕಾಯಿ ಸುಡುತ್ತಾರೆ. ನಾನು ಹೋಗಿಳಿದ ವಾರವೇ ಆ ಘಾಟು ಮೂಗಿಗೆ ಬಡಿದು, ಬ್ಯಾಡಗಿ ಮಾರ್ಕೆಟ್ ನೆನಪಾಗಿ ಕಣ್ಣು ತುಂಬಿತ್ತು. ಅದು ಘಾಟಿಗೋ ಊರಿನ ನೆನಪಿಗೋ ಇವತ್ತಿಗೂ ಗೊತ್ತಿಲ್ಲ.

ನನಗೆ ಸೀಟು ಸಿಕ್ಕಿದ್ದೂ ಬ್ಯಾಡಗಿ ಮೆಣಸಿನಕಾಯಿಯಿಂದಲೇ. ಪ್ರಾಧ್ಯಾಪಕರಿಗೆ "ರೆಸ್ಪೆಕ್ಟೆಡ್ ಸರ್, ಐ ಆಮ್ ಹಾರ್ಡ್‌ವರ್ಕಿಂಗ್" ಎಂದು ಮೊದಲು ನಲವತ್ತು ಮೇಲ್ ಹಾಕಿದ್ದೆ, ಒಂದಕ್ಕೂ ಉತ್ತರವಿಲ್ಲ. ಆಮೇಲೆ ಅವರ ಪ್ರಬಂಧಗಳನ್ನು ಕೂತು ಓದಿದೆ. ಕೂಲಿಗೆ ಜನ ಸಿಗದೆ ಅಲ್ಲಿಯ ರೈತರು ಯಂತ್ರದ ಕೊಯ್ಲಿಗೆ ಹೊರಳಲು ಒದ್ದಾಡುತ್ತಿದ್ದಾರೆ, ಆದರೆ ಕಾಯಿಯ ತೊಟ್ಟು ಬಿಡಿಸುವುದು ಯಂತ್ರಕ್ಕೆ ದೊಡ್ಡ ತೊಡಕು ಎಂದು ತಿಳಿಯಿತು. ನಮ್ಮವ್ವ ಹಿತ್ತಲಲ್ಲಿ ಕೂತು ದಿನವಿಡೀ ತೊಟ್ಟು ಮುರಿಯುವುದನ್ನು ನೋಡಿ ಬೆಳೆದವನು ನಾನು. ಯಾವ ತಳಿಯ ತೊಟ್ಟು ಸಲೀಸಾಗಿ ಬಿಡುತ್ತದೆ, ಯಾವುದು ಕಾಯಿಯನ್ನೇ ಹರಿಯುತ್ತದೆ ಎಂದು ಎಂಟು ಸಾಲು ಬರೆದೆ. ಮರುದಿನವೇ ಉತ್ತರ ಬಂತು, ಅದರಲ್ಲಿ ಪ್ರಶ್ನೆಗಳೇ ಐದು. ನೀವೂ ಹೀಗೇ ಬರೆಯಿರಿ. ಅಂಕಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ.

ನೀರು ಇನ್ನೊಂದು ವಿಷಯ. ಲಾಸ್ ಕ್ರೂಸಸ್ ಪಕ್ಕದಲ್ಲೇ ರಿಯೊ ಗ್ರಾಂಡೆ ನದಿ. ಆದರೆ ವರ್ಷದ ಬಹುಪಾಲು ಅದರಲ್ಲಿ ಬರೀ ಮರಳು; 1916ರಲ್ಲಿ ಮುಗಿದ ಎಲಿಫೆಂಟ್ ಬ್ಯೂಟ್ ಅಣೆಕಟ್ಟಿನಿಂದ ನೀರಾವರಿಗೆ ಬಿಟ್ಟಾಗ ಮಾತ್ರ ಹರಿಯುತ್ತದೆ. ತಮ್ಮ ಪಾಲಿನ ನೀರು ಬರುತ್ತಿಲ್ಲವೆಂದು ಟೆಕ್ಸಾಸ್ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಾವೇರಿ, ಮಹದಾಯಿ ಕೇಳಿ ಬೆಳೆದ ನಮಗೆ ಅಲ್ಲಿಯ ಜಲವಿಜ್ಞಾನದ ತರಗತಿ ಅರ್ಧ ಪರಿಚಿತವೇ.

ಕೃಷಿ ಬಿಟ್ಟು ಬೇರೆ ಕೇಳುವವರಿಗೂ ಎರಡು ಮಾತು. ಸೊಕೊರೊದ ನ್ಯೂ ಮೆಕ್ಸಿಕೊ ಟೆಕ್ ಚಿಕ್ಕ ಕಾಲೇಜು. ಆದರೆ 27 ದೊಡ್ಡ ಆಂಟೆನಾಗಳ ವೆರಿ ಲಾರ್ಜ್ ಅರೇ ಎಂಬ ರೇಡಿಯೊ ದೂರದರ್ಶಕದ ಕಚೇರಿ ಅದರ ಆವರಣದಲ್ಲೇ ಇದೆ, ಸಿಡಿಲಿನ ಅಧ್ಯಯನಕ್ಕೆ ಬೆಟ್ಟದ ಮೇಲೊಂದು ಪ್ರಯೋಗಾಲಯವೂ ಇದೆ. ಲೇಸರ್, ಆಪ್ಟಿಕ್ಸ್, ಮಾನವಶಾಸ್ತ್ರ, ಭಾಷಾಶಾಸ್ತ್ರಕ್ಕಾದರೆ ಆಲ್ಬುಕರ್ಕಿಯ ಯೂನಿವರ್ಸಿಟಿ ಆಫ್ ನ್ಯೂ ಮೆಕ್ಸಿಕೊ ನೋಡಿ.

ಜನರ ಬಗ್ಗೆಯೂ ಕೇಳಿದ್ದೀರಿ. ರಾಜ್ಯದ ಹತ್ತಿರ ಹತ್ತಿರ ಅರ್ಧದಷ್ಟು ಜನ ಹಿಸ್ಪಾನಿಕ್ ಮೂಲದವರು. ಜೊತೆಗೆ ನವಾಹೋ, ಅಪಾಚೆ, ಮತ್ತು ಪ್ಯೂಬ್ಲೊ ಎಂದು ಕರೆಯುವ 19 ಮೂಲನಿವಾಸಿ ಸಮುದಾಯಗಳು. ಸ್ಪ್ಯಾನಿಷ್ ಆಡುವವರೆಲ್ಲ ನಿನ್ನೆ ಮೊನ್ನೆ ವಲಸೆ ಬಂದವರು ಎಂದು ತಿಳಿಯಬೇಡಿ. ನಾನು ಬಾಡಿಗೆಗಿದ್ದ ಮೆಸಿಯಾ ಎಂಬ ಹಳೇ ಊರು 1854ರವರೆಗೆ ಮೆಕ್ಸಿಕೊದಲ್ಲಿತ್ತು; ಒಪ್ಪಂದವಾಗಿ ನೆಲ ಮಾರಾಟವಾಯಿತು, ಮನೆಗಳು ಇದ್ದಲ್ಲೇ ಇದ್ದವು. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಎಂದು ಅಲ್ಲಿಯವರು ಹೇಳುತ್ತಾರೆ. ಬೆಳಗಾವಿ, ಕಾಸರಗೋಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ಕೆಲಸ ನಡೆಯುವುದೇ ಸ್ಪ್ಯಾನಿಷ್‌ನಲ್ಲಿ, ಹೋಗುವ ಮುಂಚೆ ಸ್ವಲ್ಪ ಕಲಿಯಿರಿ. ಮೂಲನಿವಾಸಿಗಳ ಊರುಗಳಲ್ಲಿ ಅನುಮತಿ ಕೇಳದೆ ಫೋಟೊ ತೆಗೆಯಬೇಡಿ. ಅಲ್ಲಿ ಸಂಶೋಧನೆ ಮಾಡಬೇಕಾದರೆ ಅವರ ಆಡಳಿತದ ಒಪ್ಪಿಗೆ ಬೇಕು.

ದುಡ್ಡಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಸಾಲ ಮಾಡಿ ಹೋಗಬೇಡಿ, ಅಸಿಸ್ಟೆಂಟ್‌ಶಿಪ್, ಅಂದರೆ ಪಾಠಕ್ಕೋ ಸಂಶೋಧನೆಗೋ ನೆರವಾಗಿ ಯೂನಿವರ್ಸಿಟಿಯಿಂದಲೇ ದುಡ್ಡು ಪಡೆಯುವ ಕೆಲಸ, ಸಿಕ್ಕರೆ ಮಾತ್ರ ಹೋಗಿ. ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ. ಸ್ಟೈಪೆಂಡ್ ಎಷ್ಟು, ಎಷ್ಟು ತಿಂಗಳು, ಫೀಸು ಪೂರ್ತಿ ಮಾಫಿಯೋ ಅರ್ಧವೋ, ಆರೋಗ್ಯ ವಿಮೆ ಯಾರ ತಲೆಗೆ, ಎಲ್ಲವೂ ಪತ್ರದಲ್ಲೇ ಇರಬೇಕು. ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದವರು ಮೊದಲು ನನಗೆ ಮೇಲ್‌ನಲ್ಲಿ "ಖಂಡಿತ ಕೊಡುತ್ತೇವೆ" ಅಂದು, ಪತ್ರ ಬಂದಾಗ ಆ ಸಾಲನ್ನೇ ಬಿಟ್ಟಿದ್ದರು. ಅಪ್ಪ ಆಗಲೇ ಎರಡೆಕರೆ ಅಡ ಇಡುವ ಮಾತಾಡಿದ್ದರು. ಅವಸರ ಮಾಡಿಸಿದರೆ ಏಪ್ರಿಲ್ 15ರ ನಿಯಮ ನೆನಪಿಸಿ: ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಆಫರ್‌ಗೆ ಆ ದಿನಕ್ಕಿಂತ ಮೊದಲೇ ಉತ್ತರ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಓದಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ ಓಪಿಟಿ ಎಂಬ ಅನುಮತಿ 12 ತಿಂಗಳು, ವಿಜ್ಞಾನದ ಪದವಿಗೆ ಇನ್ನೂ 24 ಎಂಬುದು ನನ್ನ ಕಾಲದ ಲೆಕ್ಕ. ಹೊರಡುವ ಮುನ್ನ ಅಮೆರಿಕ ಸರ್ಕಾರದ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ.

ಟಿಕೆಟ್ ಮಾಡಿಸುವಾಗ ಟೆಕ್ಸಾಸ್‌ನ ಎಲ್ ಪಾಸೊಗೆ ಮಾಡಿಸಿ, ಅಲ್ಲಿಂದ ರಸ್ತೆಯಲ್ಲಿ ಒಂದು ತಾಸು ಸಾಕು. ಖಾರದ ಪುಡಿ ಕಟ್ಟಿಕೊಂಡು ಹೋಗಿ, ಬಿತ್ತನೆ ಬೀಜ ಮಾತ್ರ ಬ್ಯಾಗಿಗೆ ಹಾಕಬೇಡಿ. ಅದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಪರವಾನಗಿ ಎಲ್ಲ ಬೇಕು. ನಮ್ಮವ್ವ ಪ್ರೀತಿಯಿಂದ ಗಂಟು ಕಟ್ಟಿ ಕೊಟ್ಟಿದ್ದ ಬ್ಯಾಡಗಿ ಬೀಜ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಯಿತು.